ಎಐ ಬಂದರೆ ಹಾಸನದವರಿಗೆ ಬರ್ತ್ ಸಿಗುತ್ತಾ?

ಹಾಸನದ ಓದುಗರೊಬ್ಬರ ಪತ್ರ: “ಮಗಳ ಮನೆ ಕಾರವಾರದಲ್ಲಿ. ಬೆಂಗಳೂರಿನಿಂದ ಹೊರಡುವ ರಾತ್ರಿ ರೈಲಿಗೆ ನಾನೂ ನನ್ನ ತಂಗಿಯೂ ಒಂದೇ ದಿನ ಬುಕ್ ಮಾಡಿದೆವು. ಅವಳು ಬೆಂಗಳೂರಿನಿಂದ, ನಾನು ಹಾಸನದಿಂದ. ಇಬ್ಬರದೂ ವೇಟಿಂಗ್ ಲಿಸ್ಟ್. ಅವಳದು ಕನ್ಫರ್ಮ್ ಆಯಿತು, ನನ್ನದು ಆಗಲಿಲ್ಲ. ತತ್ಕಾಲ್‌ಗೆ ಕೂತರೆ ಚಕ್ರ ಸುತ್ತಿದ್ದೇ ಸುತ್ತಿದ್ದು, ದುಡ್ಡು ಮಾತ್ರ ಕಟ್ ಆಯಿತು. ಎಐ ಪದ್ಯ ಬರೆಯುತ್ತೆ, ಚಿತ್ರ ಬಿಡಿಸುತ್ತೆ ಅಂತೀರಿ. ಒಂದು ಟಿಕೆಟ್ ಕೊಡಿಸೋಕೆ ಆಗಲ್ವಾ? ಇಲ್ಲೊಬ್ಬ ಏಜೆಂಟ್ ತನ್ನ ಹತ್ತಿರ ಎಐ ಸಾಫ್ಟ್‌ವೇರ್ ಇದೆ, ಸ್ವಲ್ಪ ಜಾಸ್ತಿ ಕೊಟ್ಟರೆ ಟಿಕೆಟ್ ಗ್ಯಾರಂಟಿ ಅಂತಾನೆ. ನಂಬಬಹುದಾ?”

ಸಂಪಾದಕರ ಉತ್ತರ:

ಏಜೆಂಟನ ವಿಷಯ ಮೊದಲು ಮುಗಿಸಿಬಿಡೋಣ. ನಂಬಬೇಡಿ. ಅವನ ಹತ್ತಿರ ಇರುವುದು ಎಐ ಅಲ್ಲ. ಹೆಸರು, ವಯಸ್ಸನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡುವ ಕಳ್ಳ ಸಾಫ್ಟ್‌ವೇರ್ ಇರಬೇಕು. ಅನುಮತಿ ಇಲ್ಲದೆ ಟಿಕೆಟ್ ವ್ಯಾಪಾರ ಮಾಡಿದರೆ 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲಿದೆ. ಅಧಿಕೃತ ಏಜೆಂಟರಿಗೂ ತತ್ಕಾಲ್ ಶುರುವಾದ ಮೊದಲ ಅರ್ಧ ಗಂಟೆ ಬುಕ್ ಮಾಡಲು ಬಿಡುವುದಿಲ್ಲ. ಹಾಗಿರುವಾಗ ಎಲ್ಲಿಯ ಗ್ಯಾರಂಟಿ?

ಈಗ ನಿಮ್ಮ ತಂಗಿಯ ಟಿಕೆಟ್ಟಿಗೆ ಬರೋಣ. ನನಗೆ ಪತ್ರದಲ್ಲಿ ಮುಖ್ಯ ಅನಿಸಿದ್ದು ಇದೇ. ರೈಲಿನ ಬರ್ತ್‌ಗಳೆಲ್ಲ ಎಲ್ಲರಿಗೂ ಸಮಾನವಾಗಿ ತೆರೆದಿರುವುದಿಲ್ಲ. ಮೊದಲೇ ಕೋಟಾ ಮಾಡಿ ಹಂಚಿರುತ್ತಾರೆ. ಹೊರಡುವ ಊರಿಗೆ ದೊಡ್ಡ ಪಾಲು, ದಾರಿಯ ಊರುಗಳಿಗೆ ಚಿಕ್ಕ ಪಾಲು. ನಿಮ್ಮ ಟಿಕೆಟ್ ಮೇಲೆ ಆರ್‌ಎಲ್‌ಡಬ್ಲ್ಯುಎಲ್ ಅಥವಾ ಪಿಕ್ಯೂಡಬ್ಲ್ಯುಎಲ್ (ದಾರಿಯ ಊರುಗಳ ಪಾಲಿನ ವೇಟಿಂಗ್ ಲಿಸ್ಟ್‌ಗಳು) ಅಂತ ಇತ್ತಾ ನೋಡಿ. ತಂಗಿಯದರ ಮೇಲೆ ಜಿಎನ್‌ಡಬ್ಲ್ಯುಎಲ್, ಅಂದರೆ ಹೊರಡುವ ಊರಿನ ಪಾಲಿನ ಲಿಸ್ಟ್, ಇದ್ದಿರುತ್ತದೆ. ಅದು ಬೇಗ ಕ್ಲಿಯರ್ ಆಗುತ್ತದೆ, ನಿಮ್ಮಂಥದ್ದು ಕಷ್ಟ. ಬೆಂಗಳೂರಿನಲ್ಲಿ ಹತ್ತಿದವರು ಹಾಸನದಲ್ಲಿ ಇಳಿದು ಜಾಗ ಖಾಲಿಯಾದರೂ ಅದು ನಿಮಗೆ ಸಿಗುವುದು ಕೋಟಾ ಹೇಗೆ ಹಂಚಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಎಐಗೆ ನಿಜವಾದ ಕೆಲಸ ಇರುವುದು ಇಲ್ಲಿ. ಯಾವ ಊರಿಂದ ಯಾವ ಊರಿಗೆ, ಯಾವ ವಾರ, ಎಷ್ಟು ಜನ ಕೇಳಿದರು, ಎಷ್ಟು ಜನಕ್ಕೆ ಸಿಗಲಿಲ್ಲ ಎಂಬ ವರ್ಷಗಟ್ಟಲೆ ಲೆಕ್ಕ ರೈಲ್ವೆಯ ಹತ್ತಿರ ಇದೆ. ಅದನ್ನು ಓದಿ ಪ್ರತಿ ರೈಲಿಗೂ ಪಾಲನ್ನು ಹೊಸದಾಗಿ ಹಂಚಬಹುದು. ಇದು ಬರೀ ಕನಸಲ್ಲ. ರೈಲ್ವೆಯದೇ ಸಾಫ್ಟ್‌ವೇರ್ ಸಂಸ್ಥೆ ಕ್ರಿಸ್, ‘ಐಡಿಯಲ್ ಟ್ರೈನ್ ಪ್ರೊಫೈಲ್’ ಎಂಬ ಎಐ ಪ್ರೋಗ್ರಾಂ ಅನ್ನು ಸುಮಾರು 200 ದೂರದ ರೈಲುಗಳ ಲೆಕ್ಕ ಕೊಟ್ಟು ಪರೀಕ್ಷಿಸಿದೆ. 2023ರ ಆರಂಭದಲ್ಲೇ ಇದು ಸುದ್ದಿಯಾಗಿತ್ತು.

ಆದರೆ ಯಂತ್ರಕ್ಕೆ ನಮ್ಮ ಊರು ಗೊತ್ತಿರಬೇಕಲ್ವಾ? ಹಾಸನಾಂಬೆಯನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆಯುವುದು ಆಶ್ವೀಜ ಹುಣ್ಣಿಮೆಯ ನಂತರದ ಮೊದಲ ಗುರುವಾರ. 2024ರಲ್ಲಿ ಅದು ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ಹೋದ ವರ್ಷದ ಇಂಗ್ಲಿಷ್ ತಾರೀಕು ನೋಡಿಕೊಂಡು ಈ ವರ್ಷದ ಕೋಟಾ ಮಾಡಿದರೆ ರಶ್ ಒಂದು ವಾರ, ಸೀಟು ಇನ್ನೊಂದು ವಾರ ಆಗುತ್ತದೆ. ಆ ಪ್ರೋಗ್ರಾಂಗೆ ಪಂಚಾಂಗವನ್ನೂ ಓದಿಸಬೇಕು. ತಮಾಷೆಗೆ ಹೇಳುತ್ತಿಲ್ಲ.

ತತ್ಕಾಲ್ ಕಥೆ ಬೇರೆ. ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. ಆ ಒಂದೆರಡು ನಿಮಿಷದಲ್ಲಿ ಇಡೀ ದೇಶವೇ ಬಂದು ಬಾಗಿಲು ಬಡಿಯುತ್ತದೆ, ಜನರ ಜೊತೆ ಬಾಟ್‌ಗಳೂ (ಮನುಷ್ಯರ ಬದಲು ತಾವೇ ಬುಕ್ ಮಾಡುವ ಸಾಫ್ಟ್‌ವೇರ್‌ಗಳು) ಸೇರಿ. ದುಡ್ಡು ಪಾವತಿಯಾದ ಮೇಲಷ್ಟೇ ಬರ್ತ್ ನಿಮ್ಮದು. ನಿಮ್ಮ ಬ್ಯಾಂಕ್ ಒಟಿಪಿ ಕಳಿಸುವಷ್ಟರಲ್ಲಿ ಸೀಟು ಬೇರೆಯವರದಾಗಿರುತ್ತದೆ. ಕಟ್ ಆದ ದುಡ್ಡು ವಾಪಸ್ ಬರುತ್ತದೆ, ಗಾಬರಿ ಬೇಡ. ಬಾಟ್ ಹಿಡಿಯುವುದರಲ್ಲಿ ಯಂತ್ರ ಚುರುಕು. ಫಾರ್ಮ್ ತುಂಬಿದ ವೇಗ, ಮೌಸ್ ಓಡಾಡಿದ ರೀತಿ, ಒಂದೇ ವಿಳಾಸದಿಂದ ಬಂದ ಲಾಗಿನ್‌ಗಳು, ಎಲ್ಲವನ್ನೂ ಅದು ಗಮನಿಸಬಲ್ಲದು. ಅನುಮಾನದ ಮೇಲೆ 2.5 ಕೋಟಿಗೂ ಹೆಚ್ಚು ಯೂಸರ್ ಐಡಿ ಬಂದ್ ಮಾಡಿದ್ದೇವೆ ಎಂದು ಸರ್ಕಾರ 2025ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ಹಾಸ್ಟೆಲ್‌ನ ಒಂದೇ ವೈಫೈಯಿಂದ ಹತ್ತಾರು ಹುಡುಗರು ದಸರಾ ರಜೆಗೆ ಬುಕ್ ಮಾಡಿದರೆ ಯಂತ್ರಕ್ಕೆ ಅವರೂ ಬಾಟ್‌ಗಳಂತೆ ಕಾಣಬಹುದು. ಐಡಿ ಬಂದ್ ಆದವನ ಅಹವಾಲನ್ನು ಒಬ್ಬ ಮನುಷ್ಯ ಕೂತು ಕೇಳುವ ವ್ಯವಸ್ಥೆ ಜೊತೆಗೇ ಇರಬೇಕು ಎಂದು ನನ್ನ ಹಟ.

ಇನ್ನು ಚಾಟ್‌ಬಾಟ್. ಐಆರ್‌ಸಿಟಿಸಿಯ ‘ಆಸ್ಕ್ ದಿಶಾ’ 2018ರಿಂದ ಇದೆ, ಈಗ ಟಿಕೆಟ್ ಕೂಡ ಬುಕ್ ಮಾಡಿಕೊಡುತ್ತದೆ. ಅರಸೀಕೆರೆಯ ಅಜ್ಜಿ ಫೋನ್ ಹಿಡಿದು “ನಾಡಿದ್ದು ಹುಬ್ಬಳ್ಳಿಗೆ ಒಂದು, ಕೆಳಗಿನ ಬರ್ತೇ ಬೇಕಪ್ಪ” ಅಂದರೆ ಸಾಕು ಅನ್ನುವ ದಿನ ಬಂದಾಗ ನಾನೂ ಮೆಚ್ಚುತ್ತೇನೆ. ಅಂದಹಾಗೆ ಬರ್ತ್ ಇದ್ದರೆ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನದನ್ನು ಸಿಸ್ಟಂ ತಾನಾಗಿಯೇ ಕೊಡುತ್ತದೆ. ಅದಕ್ಕೆ ಎಐ ಏನೂ ಬೇಕಿಲ್ಲ.

ಇದೆಲ್ಲ ಸೇರಿದರೂ ಒಂದು ಬೋಗಿ ಜಾಸ್ತಿಯಾಗುವುದಿಲ್ಲ. ಹಬ್ಬದ ವಾರ ಸೀಟಿಗಿಂತ ಜನ ಹೆಚ್ಚಿದ್ದರೆ ಯಾರಿಗೋ ಒಬ್ಬರಿಗೆ ಸಿಗುವುದಿಲ್ಲ. ರೈಲು, ಬೋಗಿ ಹೆಚ್ಚಿಸಿ ಎಂದು ಕೇಳಬೇಕಾದ್ದು ರೈಲ್ವೆಯನ್ನು, ಕಂಪ್ಯೂಟರನ್ನಲ್ಲ.

ಸದ್ಯಕ್ಕೆ ನಿಮಗೊಂದು ದಾರಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಅದಕ್ಕೂ ಮುಂಚೆ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಕೊಳ್ಳಿ; 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೂ ಅದು ಬೇಕೇ ಬೇಕು. ಹಾಸನದ ಕೋಟಾ ಮುಗಿದಿದ್ದರೆ ಬೆಂಗಳೂರಿನಿಂದಲೇ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಹಾಸನ ಎಂದು ಆರಿಸಿ. ಚಾರ್ಜು ಬೆಂಗಳೂರಿನಿಂದಲೇ ಬೀಳುತ್ತದೆ. ಹಾಗಿದ್ದರೂ ಏಜೆಂಟನ ಕೈಗೆ ದುಡ್ಡು ಹಾಕುವುದಕ್ಕಿಂತ ವಾಸಿ.