ಹಸಿವಿಗೆ ಹಾರ ಹಾಕಬೇಡಿ: ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೆ,

ವಿಜಯಪುರದಿಂದ ನೀವು ಕಳಿಸಿದ ‘ದೇಹವೆಂಬ ದೀಪ’ ತಲುಪಿದೆ. ಉಷ್ಣ ಎಂದರೇನು ಎಂಬಲ್ಲಿಂದ ಹೊರಟು, ಊಟದ ಕ್ಯಾಲೊರಿ ದಾಟಿ, ಮುಪ್ಪಿನವರೆಗೆ ಬಂದಿದ್ದೀರಿ. ಭಾಷೆ ಸರಳವಾಗಿದೆ. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ತಿಕ್ಕಾಟದಿಂದಲೇ ನೀರು ಕುದಿಸಿ ತೋರಿಸಿದ ವಿಜ್ಞಾನಿ ರಮ್‌ಫರ್ಡ್‌ನ ಪ್ರಸಂಗ ಚೆನ್ನಾಗಿ ಮೂಡಿದೆ. ಆದರೂ ಇದನ್ನು ಹೀಗೆಯೇ ಅಚ್ಚು ಮಾಡಲಾರೆ. ಎರಡು ಕಡೆ ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಅವೆರಡನ್ನೇ ಹೇಳುತ್ತೇನೆ.

ಮೂರನೆಯ ಪುಟ ತೆಗೆಯಿರಿ. “ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 100 ಕ್ಯಾಲೊರಿ ಇರುತ್ತದೆ. ಅಂದರೆ 100 ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ.” ಮೊದಲ ವಾಕ್ಯ ತೆಳ್ಳಗೆ ಬಡಿದ ರೊಟ್ಟಿಗೆ ಸರಿ. ಎರಡನೆಯದು ಸಾವಿರ ಪಟ್ಟು ತಪ್ಪು. ಊಟದ ಲೆಕ್ಕದಲ್ಲಿ ಬರುವುದು ಕಿಲೊಕ್ಯಾಲೊರಿ; ಒಂದು ಗ್ರಾಂ ಅಲ್ಲ, ಒಂದು ಕಿಲೊ ನೀರನ್ನು ಒಂದು ಡಿಗ್ರಿ ಏರಿಸುವ ಶಾಖ. ಆ ರೊಟ್ಟಿಯ ಶಾಖವನ್ನೆಲ್ಲ ಹಿಡಿದಿಟ್ಟರೆ 30 ಡಿಗ್ರಿಯಲ್ಲಿರುವ ಸುಮಾರು ಒಂದೂವರೆ ಲೀಟರ್ ನೀರು ಕುದಿಯುವ ಹಂತಕ್ಕೆ ಬರುತ್ತದೆ. ನಿಮ್ಮ ಲೆಕ್ಕವನ್ನು ನಂಬಿದರೆ, ಎರಡು ರೊಟ್ಟಿ ತಿಂದು ಹೊಲಕ್ಕೆ ಹೊರಟವನು ಕಳೆ ಕೀಳುವುದಿರಲಿ, ಮನೆಯ ಅಂಗಳ ದಾಟುವುದೂ ಕಷ್ಟ. ಒಂದು ಗುಣಾಕಾರ ಮಾಡಿದ್ದರೆ ಇದು ನಿಮಗೇ ಹೊಳೆಯುತ್ತಿತ್ತು. ನನ್ನ ಸಿಟ್ಟು ತಪ್ಪಿನ ಮೇಲಲ್ಲ, ಆ ಗುಣಾಕಾರ ಮಾಡದೆ ಮುಂದಕ್ಕೆ ಹೋದದ್ದರ ಮೇಲೆ.

ಅದರ ಕೆಳಗೇ ಇನ್ನೊಂದು ಸಾಲು: “ಕುದಿಯುವ ನೀರಿಗೆ ಶಾಖ ಕೊಟ್ಟಷ್ಟೂ ಅದರ ಬಿಸಿ ಏರುತ್ತದೆ.” ಇದನ್ನು ಓದಿದಾಗ ನನ್ನ ಮೊದಲ ಸಂಪಾದಕರು ನೆನಪಾದರು. ನಾನು ವಾರಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದ ಕಾಲ. ಬೆಲ್ಲದ ಬಗ್ಗೆ ಬರೆಯಲು ಹೇಳಿ, ಕೈಗೊಂದು ಥರ್ಮಾಮೀಟರ್ ಕೊಟ್ಟು, ಮಹಾಲಿಂಗಪುರದ ಕಡೆಯ ಗಾಣಕ್ಕೆ ಕಳಿಸಿದ್ದರು. ಒಲೆಗೆ ಒಣ ಸಿಪ್ಪೆ ಒಂದೇ ಸಮನೆ ತುಂಬುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಮಡ್ಡಿ ನೊರೆಯಾಗಿ ಮೇಲೆ ಬರುತ್ತಿತ್ತು, ಒಬ್ಬರು ಜಾಲರಿಯಿಂದ ಅದನ್ನು ತೆಗೆಯುತ್ತಲೇ ಇದ್ದರು. ಪಾದರಸ ಮಾತ್ರ 100ರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಉರಿಯೆಲ್ಲ ಹೋಗುತ್ತಿದ್ದುದು ನೀರನ್ನು ಆವಿ ಮಾಡುವುದಕ್ಕೆ. ಒಂದೊಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ (ಊಟದ ಲೆಕ್ಕದ ಕಿಲೊಕ್ಯಾಲೊರಿಯಲ್ಲ, ಸಣ್ಣ ಕ್ಯಾಲೊರಿ) ನುಂಗುತ್ತದೆ. ನೀರು ಬತ್ತಿ ಪಾಕ ಗಟ್ಟಿಯಾದ ಮೇಲೆಯೇ ಪಾದರಸ ಏರತೊಡಗಿತು. ಪಾಕ ನೋಡುವ ಹಿರಿಯರು ಒಂದಿಷ್ಟನ್ನು ತಣ್ಣೀರಿಗೆ ಹಾಕಿ, ಬೆರಳಲ್ಲಿ ಉಂಡೆ ಕಟ್ಟಿ, “ಇಳಿಸಿ” ಎಂದಾಗ ಅದು 118 ತೋರಿಸುತ್ತಿತ್ತು. ನನ್ನ ಬರಹವನ್ನು ಸಂಪಾದಕರು ಓದಿದ ರೀತಿ ಇಂದಿಗೂ ಕಣ್ಣ ಮುಂದಿದೆ. ಪ್ರತಿ ಅಂಕಿಯ ಕೆಳಗೆ ಪೆನ್ಸಿಲ್ ಗೆರೆ ಎಳೆದು, “ಇದನ್ನು ಎಲ್ಲಿ ನೋಡಿದೆ?” ಎಂದು ಕೇಳುತ್ತಿದ್ದರು. ಉತ್ತರ ಸಿಗದ ಅಂಕಿಗೆ ಪತ್ರಿಕೆಯಲ್ಲಿ ಜಾಗವಿರಲಿಲ್ಲ. ನಿಮ್ಮ ಹಸ್ತಪ್ರತಿಯ ಮೇಲೆ ನಾನು ಎಳೆದಿರುವ ಗೆರೆಗಳು ಅವರಿಂದಲೇ ಬಂದವು.

ಇನ್ನು ನಿಮ್ಮ ದೀಪ. “ಬತ್ತಿ ಸಣ್ಣಗಿಟ್ಟರೆ ಎಣ್ಣೆ ಬಹುಕಾಲ ಬರುತ್ತದೆ, ಕಡಿಮೆ ಉಂಡವನು ಬಹುಕಾಲ ಬದುಕುತ್ತಾನೆ.” ಈ ವಿಚಾರಕ್ಕೆ ಹಳೆಯ ಬೇರಿದೆ. 1908ರಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ರುಬ್ನರ್, 1928ರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಪರ್ಲ್ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು: ವೇಗವಾಗಿ ಉರಿದ ಜೀವ ಬೇಗ ಆರುತ್ತದೆ. ಆದರೆ ನಿಮ್ಮೂರಿನ ಗೋಳಗುಮ್ಮಟದ ಮೇಲೆ ಕೂರುವ ಪಾರಿವಾಳವನ್ನೇ ನೋಡಿ. ದೊಡ್ಡ ಇಲಿಯಷ್ಟೇ ತೂಕ, ಮೈಬಿಸಿ ಇಲಿಗಿಂತ ಹೆಚ್ಚು, ಹಾರಾಟಕ್ಕೆ ಸುಡುವ ಇಂಧನವೂ ಹೆಚ್ಚು. ಇಲಿ ಮೂರು ವರ್ಷಕ್ಕೆ ಮುದಿಯಾಗುತ್ತದೆ, ಸಾಕಿದ ಪಾರಿವಾಳ 20 ದಾಟಬಲ್ಲದು. ಸೈಬೀರಿಯಾದಲ್ಲಿ ಕೆಲವೇ ಗ್ರಾಂ ತೂಗುವ ಬಾವಲಿಯೊಂದು 41 ವರ್ಷ ಬದುಕಿದ ದಾಖಲೆಯಿದೆ. ದೀಪದ ಉಪಮೆ ಇಲ್ಲಿಗೇ ಮುರಿಯಿತು. ಅದನ್ನು ಹಿಡಿದುಕೊಂಡು ನೀವು ಇನ್ನೂ ಎರಡು ಪುಟ ನಡೆದಿದ್ದೀರಿ.

ನಡೆದು ಮುಟ್ಟಿದ್ದು ಎಲ್ಲಿಗೆ? “1972ರ ಬರ ಕಂಡ ನಮ್ಮ ಅಜ್ಜಿ ಅರೆಹೊಟ್ಟೆ ಉಂಡೇ 92 ವರ್ಷ ಬಾಳಿದರು. ಹಸಿವೇ ದೀರ್ಘಾಯುಷ್ಯದ ಗುಟ್ಟು.” ಈ ಸಾಲು ಓದಿ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು ಎದ್ದುಹೋದೆ. ನೀವು ಆಧಾರವಾಗಿ ಹೇಳಿದ ಅಮೆರಿಕದ ಆಹಾರವಿಜ್ಞಾನಿ ಮೆಕೇ 1935ರಲ್ಲಿ ಇಲಿಗಳಿಗೆ ಕಡಿಮೆ ಮಾಡಿದ್ದು ಕ್ಯಾಲೊರಿಯನ್ನು ಮಾತ್ರ. ಜೀವಸತ್ವ, ಖನಿಜಗಳಿಗೆ ಕೊರತೆಯಾಗದಂತೆ ನೋಡಿಕೊಂಡಿದ್ದರು. ಅದು ಹಸಿವಿನ ಪ್ರಯೋಗವಲ್ಲ, ಅಳೆದು ತೂಗಿದ ಆಹಾರದ ಪ್ರಯೋಗ. ಅಮೆರಿಕದಲ್ಲಿ ಕೋತಿಗಳ ಮೇಲೆ ನಡೆದ ಎರಡು ದೀರ್ಘ ಅಧ್ಯಯನಗಳು ಆಯುಸ್ಸಿನ ವಿಷಯದಲ್ಲಿ ಒಂದೇ ಉತ್ತರ ಕೊಡಲಿಲ್ಲ. ಮನುಷ್ಯರ ಮೇಲಿನ ಎರಡು ವರ್ಷಗಳ ಪ್ರಯೋಗದಲ್ಲಿ ಶೇ. 25 ಕಡಿತದ ಗುರಿ ಇಟ್ಟುಕೊಂಡವರು ಸುಮಾರು ಶೇ. 12ಕ್ಕೆ ನಿಂತರು. ಅವರ ರಕ್ತದೊತ್ತಡ, ಕೊಲೆಸ್ಟ್ರಾಲ್ ಸುಧಾರಿಸಿದವು. ಆಯುಸ್ಸನ್ನು ಎರಡು ವರ್ಷದಲ್ಲಿ ಯಾರೂ ಅಳೆಯಲಾರರು.

ಬರ ಏನು ಮಾಡುತ್ತದೆಂದು ತಿಳಿಯಲು ಕ್ಯಾಲೊರಿಯನ್ನೇ ಬಳಸಿ. 1877ರಲ್ಲಿ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಯಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಅಲ್ಪ ಕಾಸು. 450 ಗ್ರಾಂ ಜೋಳವೆಂದರೆ ಸುಮಾರು 1500 ಕಿಲೊಕ್ಯಾಲೊರಿ. ಬಿಸಿಲಲ್ಲಿ ಕಲ್ಲು ಒಡೆಯುವ ಗಂಡಾಳಿಗೆ 3000ಕ್ಕೂ ಹೆಚ್ಚು ಬೇಕು. ಉಳಿದದ್ದನ್ನು ದೇಹ ತನ್ನ ಕೊಬ್ಬು, ಮಾಂಸದಿಂದಲೇ ತೆಗೆಯುತ್ತದೆ. ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ಇದನ್ನು ಎತ್ತಿ ಹೇಳಿದ್ದರು. ಅದೇ ಬರದಲ್ಲಿ ನಮ್ಮ ಈ ನೆಲ, ಆಗಿನ ಕಲಾದಗಿ ಜಿಲ್ಲೆ, ಲೆಕ್ಕವಿಲ್ಲದಷ್ಟು ಜನರನ್ನು ಕಳೆದುಕೊಂಡಿತು. ಆ ನೆಲದಲ್ಲಿ ಕುಳಿತು ಹಸಿವಿಗೆ ಹಾರ ಹಾಕುವ ಬರಹವನ್ನು ನಾನು ಪ್ರಕಟಿಸುವುದಿಲ್ಲ.

ಕೊನೆಯ ಎರಡು ಪುಟ ತೆಗೆದುಹಾಕಿ, ಮೂರನೆಯ ಪುಟದ ಲೆಕ್ಕ ತಿದ್ದಿ ಕಳಿಸಿ, ಜಾಗ ಕಾದಿಡುತ್ತೇನೆ. ಅಜ್ಜಿಯ ವಿಷಯ ಉಳಿಸಿಕೊಳ್ಳಬೇಕೆಂದಿದ್ದರೆ ಮನೆಯ ಹಿರಿಯರನ್ನು ಕೇಳಿ: ಅಜ್ಜಿಯ ಒಡಹುಟ್ಟಿದವರು ಎಷ್ಟು ಜನ, ಹೆತ್ತ ಮಕ್ಕಳೆಷ್ಟು, ಅವರಲ್ಲಿ ಉಳಿದವರೆಷ್ಟು. ಬಂದ ಉತ್ತರವನ್ನು ಹಾಗೆಯೇ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ, ಬಾಗಲಕೋಟೆ