ಅವ್ವನ ಸೆರಗು, ಅತ್ತೆಯ ಅಂಗೈ

ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಡ್ರಾಯಿಂಗ್ ಟೀಚರ್ ಉತ್ತರ

ಪ್ರಶ್ನೆ: ಅಕ್ಕೋರೇ, ಮದುವೆ ಪತ್ರಿಕೆ, ಫ್ಲೆಕ್ಸ್ ಮಾಡಿಕೊಡುವ ಅಂಗಡಿಯಲ್ಲಿ ನಾನು ಡಿ.ಟಿ.ಪಿ. ಕೆಲಸ ಮಾಡುತ್ತೇನೆ. ಒಳ್ಳೆಯ ಚಿತ್ರ, ಚೆಂದದ ಅಕ್ಷರ, ಮನಸ್ಸು ಹಿಡಿಯುವ ಸಿನಿಮಾ ಕಂಡ ದಿನ ನನಗೆ ನಿದ್ದೆ ಹತ್ತುವುದಿಲ್ಲ. ಯಾರಿಗಾದರೂ ಹೇಳಲೇಬೇಕು ಎನಿಸುತ್ತದೆ. ಮೊಬೈಲ್‌ನಲ್ಲಿ ತೋರಿಸಿದರೆ ಅವ್ವ ಒಮ್ಮೆ ನೋಡಿ, ‘ಚೆಂದ ಇದೆ, ಒಲೆಯ ಮೇಲೆ ಹಾಲಿದೆ ನೋಡು’ ಎನ್ನುತ್ತಾಳೆ. ಗೆಳತಿಯರು ಹೆಬ್ಬೆರಳಿನ ಗುರುತು ಕಳಿಸಿ ಸುಮ್ಮನಾಗುತ್ತಾರೆ. ಈ ಹುಚ್ಚನ್ನು ಯಾರ ಹತ್ತಿರ, ಹೇಗೆ ಹಂಚಿಕೊಳ್ಳಲಿ?
– ಓದುಗಿ, ಕುಷ್ಟಗಿ

ಉತ್ತರ: ತಂಗಿ, ಅವ್ವನಿಗೆ ಮೊಬೈಲ್ ತೋರಿಸುವುದನ್ನು ಸ್ವಲ್ಪ ದಿನ ಬಿಡು. ಅವಳ ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆಸು. ಕುಷ್ಟಗಿ ಸೀಮೆಯ ಅವ್ವನ ಹತ್ತಿರ ಅದೊಂದು ಇದ್ದೇ ಇರುತ್ತದೆ. ಸೆರಗನ್ನು ನೆಲದ ಮೇಲೆ ಹಾಸಿ ಇಬ್ಬರೂ ಪಕ್ಕದಲ್ಲಿ ಕುಳಿತುಕೊಳ್ಳಿ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಕೆಂಪೂ ಬಿಳಿಯೂ ಸೇರುವ ಕಡೆ ಒಂದರ ಹಲ್ಲು ಇನ್ನೊಂದರೊಳಗೆ ಹೊಕ್ಕಿರುತ್ತದೆ. ಟೋಪ ತೆನಿ ಸೆರಗು ಎಂದು ಅವ್ವನೇ ಹೇಳುತ್ತಾಳೆ, ನೀನು ಹೇಳಿಕೊಡಬೇಕಾಗಿಲ್ಲ. ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು: ನೇಕಾರರು ಆ ಆಕಾರಗಳನ್ನು ಮನೆಯಿಂದ, ಹೊಲದಿಂದ, ಊರಾಚೆಯ ಬಯಲಿನಿಂದ ಎತ್ತಿಕೊಂಡಿದ್ದಾರೆ.

ಆಮೇಲೆ ಸೀರೆಯ ಮೈಯೂ ಸೆರಗೂ ಕೂಡುವ ಜಾಗದ ಮೇಲೆ ಅವಳ ಬೆರಳನ್ನು ಇಡಿಸು. ಮೈಯ ಹಾಸಿನ ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಮಗ್ಗದಲ್ಲಿ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೆಲಸದ ಹೆಸರೇ ಕೊಂಡಿ. ಪತ್ರಿಕೆಯಲ್ಲಿ ಎರಡು ಬಣ್ಣ ಕೂಡುವ ಗೆರೆ ಸರಿಯಾಗಲಿಲ್ಲವೆಂದು ನೀನು ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಒದ್ದಾಡುವುದನ್ನು ಇದಾದ ಮೇಲೆ ಅವಳಿಗೆ ಹೇಳು. ಆಗ ಅವ್ವ ಒಲೆಯ ಕಡೆ ನೋಡುವುದಿಲ್ಲ.

ಇಷ್ಟು ಧೈರ್ಯವಾಗಿ ಬರೆಯಲು ನನಗೆ ಕಲಿಸಿದವರು ನನ್ನ ಅತ್ತೆ. ಅವರು ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ನಾನು ಗೋಡೆಗೆ ಹಾಕಿದ ಜಲವರ್ಣ ಚಿತ್ರಗಳ ಮುಂದೆ ಹನ್ನೆರಡು ವರ್ಷ ಕಸ ಗುಡಿಸಿದರು, ಅವುಗಳ ಬಗ್ಗೆ ಒಂದು ಮಾತು ಆಡಲಿಲ್ಲ. ಅವರಿಗೆ ಚಿತ್ರವೆಂದರೆ ಆಗದು ಎಂದೇ ನಾನು ತಿಳಿದಿದ್ದೆ. ಒಂದು ಕಾರ್ತಿಕ ಸೋಮವಾರ ಇಬ್ಬರೂ ಕೊಪ್ಪಳದಲ್ಲಿ ರೈಲು ಹತ್ತಿ, ಹೊಸಪೇಟೆಯಲ್ಲಿ ಬಸ್ ಹಿಡಿದು ಹಂಪಿಗೆ ಹೋದೆವು. ವಿರೂಪಾಕ್ಷನ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ ಅರ್ಜುನ, ಗಿರಿಜಾ ಕಲ್ಯಾಣ, ಎಲ್ಲವನ್ನೂ ನಾನು ಉತ್ಸಾಹದಿಂದ ತೋರಿಸುತ್ತಾ ಹೋದೆ. ಅವರು ಒಂದು ಸಲ ತಲೆಯೆತ್ತಿ ನೋಡಿ, ಕುತ್ತಿಗೆ ನೋಯುತ್ತದೆ ಎಂದು ತಲೆ ತಗ್ಗಿಸಿದರು.

ದರ್ಶನ ಮುಗಿಸಿ ಗುಡಿಯ ಹಿಂಬದಿಯ ಕತ್ತಲ ಕೋಣೆಗೆ ಹೋದೆವು. ಸುಮಾರು 50 ಮೀಟರ್ ಎತ್ತರದ ಒಂಬತ್ತು ಅಂತಸ್ತಿನ ಮೂಡಣ ಗೋಪುರ ಸಣ್ಣ ಕಿಂಡಿಯೊಂದರಿಂದ ಒಳಗೆ ಬಂದು ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿರುತ್ತದೆ. ಎಲ್ಲರೂ ‘ಅಬ್ಬಾ’ ಎಂದು ಮುಂದೆ ಸಾಗುತ್ತಿದ್ದರು. ಅತ್ತೆ ನಿಂತರು. ಗೋಡೆಯ ಹತ್ತಿರ ಹೋಗಿ ಅಂಗೈ ಚಾಚಿದರು. ಗೋಪುರದ ತುದಿ ಅವರ ಅಂಗೈಗೆ ಬಂತು. ಕೈಯನ್ನು ಹಿಂದೆ ಮುಂದೆ ಸರಿಸುತ್ತಾ ಎಷ್ಟೋ ಹೊತ್ತು ನೋಡಿ, ಆಮೇಲೆ ಮೆಲ್ಲಗೆ ಹೇಳಿದರು: ‘ನಮ್ಮ ತವರಿನ ಜೋಳದ ಕೋಣೆಯಲ್ಲಿ ಹೀಗೆಯೇ ಎತ್ತುಗಳು ತಲೆಕೆಳಗಾಗಿ ನಡೆಯುತ್ತಿದ್ದವು. ಬಾಗಿಲು ಹಾಕಿದರೆ, ಹಲಗೆಯಲ್ಲಿ ಗಂಟು ಉದುರಿದ ತೂತಿನಿಂದ ಬರುತ್ತಿದ್ದವು. ಯಾರಿಗೆ ಹೇಳಿದರೂ ನಂಬಲಿಲ್ಲ. ಹೇಳುವುದನ್ನೇ ಬಿಟ್ಟೆ.’

ಅರವತ್ತು ವರ್ಷ ಆ ಎತ್ತುಗಳನ್ನು ಅವರು ಒಬ್ಬರೇ ಇಟ್ಟುಕೊಂಡಿದ್ದರು, ತಂಗಿ. ನಿನ್ನ ಪತ್ರ ಓದುವಾಗ ನನಗೆ ನೆನಪಾದದ್ದು ಅದು.

ರೈಲಿನಲ್ಲಿ ಬರುತ್ತಾ ಟಿಕೆಟ್ಟಿನ ಹಿಂದೆ ಗೆರೆ ಎಳೆದು ತೋರಿಸಿದೆ. ಬೆಳಕು ನೇರವಾಗಿ ಸಾಗುತ್ತದೆ. ಗೋಪುರದ ತುದಿಯ ಬೆಳಕು ಕಿಂಡಿಯನ್ನು ದಾಟಿ ಕೆಳಕ್ಕೆ ಇಳಿಯುತ್ತದೆ, ಬುಡದ ಬೆಳಕು ಮೇಲಕ್ಕೆ ಏರುತ್ತದೆ. ಅದಕ್ಕೇ ಚಿತ್ರ ತಿರುಗಿ ಬೀಳುತ್ತದೆ. ಕಿಂಡಿ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಮಂದ. ಸಿನಿಮಾ ತೆಗೆಯುವ ಕ್ಯಾಮೆರಾದ ಒಳಗೂ ಇದೇ ಕತ್ತಲ ಕೋಣೆ ಇದೆ, ಕಿಂಡಿಯ ಜಾಗದಲ್ಲಿ ಗಾಜಿನ ಮಸೂರವಿದೆ ಎಂದೆ. ಮರುವಾರ ಅತ್ತೆ ತಾವಾಗಿಯೇ ನನ್ನ ಒಂದು ಚಿತ್ರದ ಮುಂದೆ ನಿಂತು, ಈ ಬೇವಿನ ಮರಕ್ಕೆ ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ನೋಡಿದರೆ ನೆರಳನ್ನು ನಾನು ತಪ್ಪು ದಿಕ್ಕಿಗೆ ಹಾಕಿದ್ದೆ. ಹನ್ನೆರಡು ವರ್ಷದಲ್ಲಿ ಯಾವ ಕಲಾವಿದರೂ ಅದನ್ನು ಹೇಳಿರಲಿಲ್ಲ.

ಇಟಗಿಯಲ್ಲೂ ಹೀಗೆಯೇ ಆಯಿತು. ಮಹಾದೇವ ದೇವಾಲಯದ ಮುಂದೆ ಮಕ್ಕಳನ್ನು ಕೂರಿಸಿ 1112ನೇ ಇಸವಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಶಾಸನದಲ್ಲಿರುವ ‘ದೇವಾಲಯ ಚಕ್ರವರ್ತಿ’ ಎಂಬ ಬಿರುದು, ಎಲ್ಲವನ್ನೂ ಹೇಳಿದೆ. ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದರು. ಬಡಿಗರ ಮನೆಯ ಹುಡುಗನೊಬ್ಬ ಎದ್ದು ಹೋಗಿ ಕಂಬವನ್ನು ಎರಡೂ ಕೈಯಿಂದ ತಬ್ಬಿ, ‘ಟೀಚರ್, ಇದನ್ನು ತಿರುಗಿಸಿ ಕಡೆದಿದ್ದಾರೆ, ನಮ್ಮ ಅಪ್ಪ ಮಂಚದ ಕಾಲು ಕಡೆಯುವ ಹಾಗೆ’ ಎಂದ. ಆಮೇಲೆ ಮಕ್ಕಳು ಕಂಬ ಬಿಟ್ಟು ಬರಲಿಲ್ಲ.

ಗೆಳತಿಯರ ವಿಷಯ. ಮೂವತ್ತು ಜನರಿಗೆ ಒಂದೇ ಸಲ ಕಳಿಸಿದ್ದನ್ನು ಯಾರೂ ತನಗೆಂದು ಕಳಿಸಿದ್ದು ಎಂದುಕೊಳ್ಳುವುದಿಲ್ಲ. ಒಬ್ಬಳನ್ನು ಆರಿಸಿಕೋ. ಒಂದೇ ಚಿತ್ರ ಕಳಿಸು. ‘ಬಲಗಡೆಯ ಮೂಲೆಯ ಹಳದಿ ನೋಡು, ನಿನ್ನ ಮನೆಯ ಕಿಟಕಿ ನೆನಪಾಯಿತು’ ಎಂದು ಬರೆ. ನಿನ್ನ ಕೆಲಸವನ್ನೂ ಸಣ್ಣದೆಂದು ತಿಳಿಯಬೇಡ. ಸತ್ಯಜಿತ್ ರಾಯ್ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವರು, ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದವರು. 1955ರಲ್ಲಿ ತೆರೆ ಕಂಡ ತಮ್ಮ ಮೊದಲ ಸಿನಿಮಾವನ್ನು ಅವರು ದೃಶ್ಯದಿಂದ ದೃಶ್ಯಕ್ಕೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದು ಮಾತಿಗಿಂತ ಹೆಚ್ಚಾಗಿ ಚಿತ್ರದಲ್ಲಿ.

ಪ್ರಶ್ನೆ: ಟೀಚರ್, ಚಿಕ್ಕವನಿದ್ದಾಗ ಜಾತ್ರೆಯಲ್ಲಿ ನೋಡಿದ ತೊಗಲು ಗೊಂಬೆಯಾಟ ಇನ್ನೂ ನನ್ನ ಕಣ್ಣಲ್ಲಿದೆ. ಅಂಥ ನೆರಳಿನಿಂದ ಮೊಬೈಲ್‌ನಲ್ಲಿ ಒಂದು ಕಿರುಚಿತ್ರ ಮಾಡುವ ಆಸೆ. ಕಾಲೇಜಿನ ಗೆಳೆಯರು ಇದು ಹಳೆಯ ಕಾಲದ್ದು, ಯಾರು ನೋಡುತ್ತಾರೆ ಎನ್ನುತ್ತಾರೆ.
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ತಮ್ಮಾ, ಮಾಡು. ನಿಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ತೊಗಲಿನ ಮೇಲೆ ಸ್ವಾತಂತ್ರ್ಯ ಹೋರಾಟವನ್ನೇ ತಂದರು, ಗಾಂಧೀಜಿಯನ್ನು ಗೊಂಬೆಯಾಗಿಸಿ ಪರದೆಯ ಮೇಲೆ ನಡೆಸಿದರು. ಹಳೆಯದು ಎಂಬ ಮಾತಿಗೆ ಅವರು ಕಾದು ಕೂರಲಿಲ್ಲ.

ಜರ್ಮನಿಯಲ್ಲಿ ಲೋಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಕೈಕಾಲಿನ ಕೀಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಇಟ್ಟು, ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆದಳು. ಮೂರು ವರ್ಷ ಹಿಡಿಯಿತು. 1926ರಲ್ಲಿ ಅದು ಪೂರ್ಣ ಪ್ರಮಾಣದ ಸಿನಿಮಾ ಆಯಿತು. ಆದರೆ ಅವಳ ಗೊಂಬೆಗಳು ಕಪ್ಪು. ನಮ್ಮವರ ನೆರಳಿಗೆ ಬಣ್ಣವಿದೆ! ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಕೊಟ್ಟು, ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ದೀಪದ ಮುಂದೆ ಬಂದ ಕೂಡಲೇ ಸೀತೆಯ ಸರ ಮಿನುಗುತ್ತದೆ. ಪರದೆಯ ಮೇಲೆ ಕೆಂಪು ನೆರಳು ಬೀಳುವುದನ್ನು ಮೊದಲ ಸಲ ನೋಡಿದ ರಾತ್ರಿ ನಾನು ಅವ್ವನ ಕೈ ಹಿಡಿದುಕೊಂಡೇ ಕುಳಿತಿದ್ದೆ.

ನಿನಗೆ ಬೇಕಾದದ್ದು ಒಂದು ಬಿಳಿ ಪಂಚೆ, ಒಂದೇ ಒಂದು ದೀಪ. ದೀಪ ಎರಡಾದರೆ ನೆರಳು ಒಡೆಯುತ್ತದೆ. ಎಣ್ಣೆಯ ದೀಪವಾದರೆ ಇನ್ನೂ ಒಳ್ಳೆಯದು, ಜ್ವಾಲೆ ಅಲುಗಿದಾಗ ಗೊಂಬೆ ಉಸಿರಾಡುತ್ತದೆ. ಪಂಚೆಯಿಂದ ಮಾತ್ರ ದೂರ ಇಡು. ಒಂದೊಂದೇ ಚಿತ್ರ ತೆಗೆದು ಜೋಡಿಸುವುದಾದರೆ ಸೆಕೆಂಡಿಗೆ 12 ಸಾಕು, ಒಂದು ನಿಮಿಷಕ್ಕೆ 720. ಹಗುರದ ಕೆಲಸವಲ್ಲ. ಮುಗಿಸಿದ ಮೇಲೆ ಗೆಳೆಯರಿಗೆ ಕಳಿಸುವ ಮೊದಲು, ಗೊಂಬೆಯಾಟ ಆಡಿಸುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಿ ತೋರಿಸು. ಅವರು ಹೇಳುವ ತಪ್ಪುಗಳನ್ನು ಬರೆದುಕೋ, ನನಗೂ ಕಳಿಸು.

ಪ್ರಶ್ನೆ: ಮಗಳ ಹೊಸ ಮನೆಗೆ ಕಿನ್ನಾಳದ ಗೊಂಬೆ ಕೊಡಬೇಕೆಂದಿದ್ದೇನೆ. ಅಷ್ಟು ಹಗುರವಾಗಿದೆಯಲ್ಲ, ಬಾಳಿಕೆ ಬರುತ್ತದೆಯೇ?
– ಗೃಹಿಣಿ, ಗಂಗಾವತಿ

ಉತ್ತರ: ಬರುತ್ತದೆ ಅಕ್ಕಾ, ನೀರಿನಿಂದ ದೂರವಿಡಲು ಮಗಳಿಗೆ ಹೇಳಿ. ಮರವೇ ಹಗುರ. ಅದರ ಮೇಲೆ ಸೆಣಬಿನ ಚಿಂದಿಯ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ ಬಳಿಯುತ್ತಾರೆ, ಆಮೇಲೆ ಬಟ್ಟೆಯ ತುಂಡು, ಆಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ನಾವು ಹುಣಸೆಹಣ್ಣು ಬಿಡಿಸಿ ಎಸೆಯುವ ಬೀಜ ಆನೆಯ ಅಂಬಾರಿಯನ್ನು ಹಿಡಿದು ನಿಲ್ಲಿಸುತ್ತದೆ. ಕೊಪ್ಪಳಕ್ಕೆ ಬಂದಾಗ ಕಿನ್ನಾಳಕ್ಕೇ ಹೋಗಿ, ಚಿತ್ರಗಾರರ ಮನೆಯಲ್ಲಿ ಕುಳಿತು ಕೆಲಸ ನೋಡಿಯೇ ಕೊಳ್ಳಿ. ಮಗಳನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಲವತ್ತು ವರ್ಷದಿಂದ ಪತ್ರಿಕೆಗಳಲ್ಲಿ ಬಂದ ಒಳ್ಳೆಯ ಚಿತ್ರಗಳನ್ನು, ಸಿನಿಮಾ ಜಾಹೀರಾತುಗಳನ್ನು ಕತ್ತರಿಸಿ ಇಟ್ಟಿದ್ದೇನೆ. ಆರು ಪೆಟ್ಟಿಗೆ ಆಗಿವೆ. ಮಕ್ಕಳು ರದ್ದಿಗೆ ಹಾಕೋಣ ಎನ್ನುತ್ತಾರೆ. ಏನು ಮಾಡಲಿ?
– ನಿವೃತ್ತ ನೌಕರರು, ರಾಯಚೂರು

ಉತ್ತರ: ರದ್ದಿಗೆ ಹಾಕಬೇಡಿ, ಸರ್. ನಿಮ್ಮ ಊರಿನ ಕೋಟೆ ನೋಡಿ. ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ, ಅದರ ಮೇಲೆ 1294ರ ಶಾಸನವಿದೆ. ಶಾಸನವನ್ನು ನಮ್ಮಲ್ಲಿ ಹೆಚ್ಚಿನವರು ಓದಲಾರೆವು. ಆದರೆ ಆ ಮಹಾ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆದು ತಂದ ಚಿತ್ರವನ್ನೂ ಯಾರೋ ಅದೇ ಗೋಡೆಯಲ್ಲಿ ಕೊರೆದಿಟ್ಟಿದ್ದಾರೆ. ಶಾಲೆಯ ಮಕ್ಕಳನ್ನು ಕರೆದೊಯ್ದಾಗ ಅವರು ಶಾಸನದ ಮುಂದೆ ನಿಲ್ಲಲಿಲ್ಲ, ಕೋಣಗಳನ್ನು ಎಣಿಸುತ್ತಾ ನಿಂತರು. ಕಲ್ಲು ಅಲ್ಲಿಗೆ ಹೇಗೆ ಬಂತು ಎಂದು ಹೇಳಿದ್ದರಿಂದ ಅದು ಮಕ್ಕಳದ್ದಾಯಿತು.

ನಿಮ್ಮ ಪೆಟ್ಟಿಗೆಗಳಲ್ಲಿ ಈಗ ಚಿತ್ರಗಳು ಮಾತ್ರ ಇವೆ. ದಿನಕ್ಕೆ ಐದು ಚಿತ್ರ ತೆಗೆದು ಪ್ರತಿಯೊಂದರ ಹಿಂದೆ ಎರಡು ಸಾಲು ಬರೆಯಿರಿ: ಯಾವ ವರ್ಷ, ಯಾವ ಊರಿನಲ್ಲಿದ್ದಿರಿ, ಯಾಕೆ ಕತ್ತರಿಸಿದಿರಿ. ಪೆನ್ನು ಬೇಡ, ಮಸಿ ಮುಂದಕ್ಕೆ ಹಾಯುತ್ತದೆ. ಮೆತ್ತನೆಯ ಪೆನ್ಸಿಲ್ ಬಳಸಿ. ಮೊದಲ ಪೆಟ್ಟಿಗೆ ಮುಗಿದ ದಿನ ನನಗೆ ಒಂದು ಕಾರ್ಡು ಹಾಕಿ. ಕೊಪ್ಪಳದಿಂದ ನಾನು ಬರುತ್ತೇನೆ. ಆರೂ ಪೆಟ್ಟಿಗೆಗಳನ್ನು ನೋಡಬೇಕು, ಅದಕ್ಕೆ ಒಂದು ಇಡೀ ದಿನ ಬೇಕಾಗುತ್ತದೆ.