ರಾಜಧಾನಿ ಬುಡಾಪೆಸ್ಟ್ ಆಗಿದ್ದರೂ ಸೇಕೆಶ್‌ಫೆಹೆರ್ವಾರ್‌ಗೆ ಹಂಗೇರಿಯ ‘ರಾಜರ ನಗರ’ ಎಂಬ ಹೆಸರೇಕೆ?

ಪಟ್ಟಾಭಿಷೇಕವೇ ಕಾರಣ. ಮೊದಲ ಇಸ್ತ್ವಾನ್ ದೊರೆ ಇಲ್ಲಿ ಕಟ್ಟಿಸಿದ ಬಸಿಲಿಕಾದಲ್ಲಿ (ದೊಡ್ಡ ಚರ್ಚಿನಲ್ಲಿ) ಪವಿತ್ರ ಕಿರೀಟ ಧರಿಸಿದವನೇ ನಿಜವಾದ ರಾಜ ಎಂದು ಮಧ್ಯಯುಗದ ಹಂಗೇರಿ ನಂಬಿತ್ತು. ಆ ನಂಬಿಕೆ ಎಷ್ಟು ಗಟ್ಟಿಯೆಂದರೆ, ಎರಡು ಬಾರಿ ಬೇರೆಡೆ ಕಿರೀಟ ತೊಟ್ಟಿದ್ದ ಚಾರ್ಲ್ಸ್ ರಾಬರ್ಟ್ 1310ರಲ್ಲಿ ಇಲ್ಲಿಗೇ ಬಂದು ಮೂರನೆಯ ಬಾರಿ ಪಟ್ಟವೇರಬೇಕಾಯಿತು. ಹದಿನೈದು ರಾಜರ ಸಮಾಧಿಗಳೂ ಇಲ್ಲಿದ್ದವು.

1543ರಲ್ಲಿ ಊರು ಒಟ್ಟೋಮನ್ನರ ವಶವಾಯಿತು. ಬಸಿಲಿಕಾ ಮದ್ದುಗುಂಡಿನ ಉಗ್ರಾಣವಾಗಿ 1601ರಲ್ಲಿ ಸ್ಫೋಟಗೊಂಡಿತು. ಇನ್ನೂ ನೋವಾಗುವುದೆಂದರೆ, ಉಳಿದಿದ್ದ ಕಲ್ಲುಗಳೂ ಮುಂದೆ ಬಿಷಪ್ಪರ ಅರಮನೆ ಕಟ್ಟಲು ಹೋದವು. ಇಂದು ಕಾಣುವುದು ಅಡಿಪಾಯ ಮಾತ್ರ. ಆದರೂ ನೋಡಲೇಬೇಕಾದ ಜಾಗ.

ಇಪ್ಪತ್ತನೆಯ ಶತಮಾನದಲ್ಲಿ ಇದು ಕಾರ್ಖಾನೆಗಳ ಊರಾಯಿತು: ಇಕಾರುಸ್ ಬಸ್, ವಿಡಿಯೋಟಾನ್ ಟಿವಿ. ವಿಡಿಯೋಟಾನ್ ಫುಟ್‌ಬಾಲ್ ತಂಡ 1985ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್‌ನ ಎರಡು ಪಂದ್ಯಗಳ ಫೈನಲ್ ತಲುಪಿ, ಒಟ್ಟಾರೆ ಸೋತರೂ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ನೆಲದಲ್ಲೇ 1–0ರಿಂದ ಮಣಿಸಿತು.